ಲೆಕ್ಕಕ್ಕೆ ಸಿಗದ ಅಪ್ಪ

ನಮ್ಮ ಕಾಲದ ಅಪ್ಪಂದಿರು ಮನೆಗೆ ಬರುವ ಮೊದಲು ಅವರ ಕೆಮ್ಮು ಬರುತ್ತಿತ್ತು. ಗೇಟಿನ ಹತ್ತಿರ ಆ ಕೆಮ್ಮು ಕೇಳಿಸಿತೆಂದರೆ ಕೇರಂ ಬೋರ್ಡು ಮಂಚದ ಅಡಿಗೆ ಹೋಗುತ್ತಿತ್ತು, ರೇಡಿಯೋ ಸಿಲೋನಿನಿಂದ ಪ್ರದೇಶ ಸಮಾಚಾರಕ್ಕೆ ತಿರುಗುತ್ತಿತ್ತು, ಮಕ್ಕಳೆಲ್ಲ ಸಿಕ್ಕಿದ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆವು. ಅಪ್ಪ ಹೊಡೆಯುವವರಲ್ಲ, ಬೈಯುವವರೂ ಅಲ್ಲ. ಆದರೂ ಅವರ ಜೊತೆ ನೇರ ವ್ಯವಹಾರ ಇರಲಿಲ್ಲ. ಶಾಲೆಯ ಪ್ರವಾಸಕ್ಕೆ ದುಡ್ಡು ಬೇಕಾದರೆ ಅಮ್ಮನ ಮೂಲಕ ಅರ್ಜಿ ಹೋಗಬೇಕು. ಅಮ್ಮ ಅದನ್ನು ರಾತ್ರಿ ಊಟಕ್ಕೆ ಕೂತಾಗ, ಮೀನಿನ ಎರಡನೇ ತುಂಡು ತಟ್ಟೆಗೆ ಬಿದ್ದ ಮೇಲೆ, ಮೆಲ್ಲಗೆ ಮಂಡಿಸುತ್ತಿದ್ದಳು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ದಿನವಿಡೀ ಇನ್ನೊಬ್ಬರ ಹೆಂಚು ಎಣಿಸಿ ಬಂದವರಿಗೆ ಮಾತಾಡಲು ಏನು ಉಳಿದಿರುತ್ತದೆ ಎಂದು ಆಗ ನಮಗೆ ತಿಳಿಯುತ್ತಿರಲಿಲ್ಲ.

ಇಂಥ ಮನೆಯಿಂದ ಹೋದ ನಮಗೆ ಸಂಡೇ ಸ್ಕೂಲಿನ ಟೀಚರು, ದೇವರು ನಿಮ್ಮ ತಂದೆ, ಅವನು ಪರಲೋಕದಲ್ಲಿದ್ದಾನೆ, ನೀವು ಮಾಡುವುದೆಲ್ಲ ಅವನಿಗೆ ಕಾಣುತ್ತದೆ ಎಂದು ಒಂದೇ ಉಸಿರಿನಲ್ಲಿ ಕಲಿಸಿಕೊಟ್ಟರು. ಪ್ರೀತಿ ಎಂಬ ಮಾತನ್ನೂ ಹೇಳಿರಬೇಕು. ಆದರೆ ನಮ್ಮ ತಲೆಗೆ ಹೋದದ್ದು ಇಷ್ಟು: ಗೇಟಿಲ್ಲ, ಕೆಮ್ಮಿಲ್ಲ, ಯಾವ ಮುನ್ಸೂಚನೆಯೂ ಇಲ್ಲದೆ ಮೇಲಿಂದ ನೋಡುತ್ತಿರುವ ಇನ್ನೊಬ್ಬ ಅಪ್ಪ. ಇರುವ ಒಬ್ಬರು ಸಾಲದೇ ಎಂದು ನಮ್ಮ ಬೆಂಚಿನಲ್ಲಿ ಯಾರೋ ಗೊಣಗಿದ್ದೂ ಉಂಟು.

ದೊಡ್ಡವನಾದ ಮೇಲೆ ನಾನೂ ಅಪ್ಪನ ಹಾಗೆಯೇ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಜಮೆ, ಖರ್ಚು, ಬಾಕಿ ಎಂದು ಬದುಕಿದವನಿಗೆ ನಿಜ ಹೇಳಬೇಕೆಂದರೆ ಕಟ್ಟುನಿಟ್ಟಿನ ದೇವರೇ ಅನುಕೂಲ. ಅವನ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಬಹುದು. ಇಷ್ಟು ಕೊಟ್ಟರೆ ಇಷ್ಟು, ತಪ್ಪಿದರೆ ದಂಡ, ದಂಡ ಕಟ್ಟಿದರೆ ಖಾತೆ ಚುಕ್ತಾ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಹೋಗಿ ನೋಡಿ. ಜಾತಿ ಮತ ಕೇಳದೆ ಊರೆಲ್ಲ ಅಲ್ಲಿಗೆ ಬರುತ್ತದೆ. ಉದ್ದುದ್ದ ಮೊಂಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಬೇಡಲು ಬಂದವರು ಎಷ್ಟೋ, ಬೇಡಿದ್ದು ಸಿಕ್ಕಿದ್ದಕ್ಕೆ ಬಾಕಿ ಕಟ್ಟಲು ಬಂದವರೂ ಅಷ್ಟೇ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರ ಗುರುವಾರ ಸೇರುವ ಜನರ ಮುಖದಲ್ಲಿಯೂ ಆ ವ್ಯವಹಾರದ ನಂಬಿಕೆ ಇದೆ. ಅದನ್ನು ನಾನು ಹಗುರ ಮಾಡುತ್ತಿಲ್ಲ. ಕಷ್ಟದಲ್ಲಿರುವವನಿಗೆ ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಬೇಕು, ಮೊಂಬತ್ತಿ ಬಹಳ ಒಳ್ಳೆಯ ವಸ್ತು.

ನಾವು ಪ್ರಾಟೆಸ್ಟೆಂಟರು ಹರಕೆ ಹೇಳುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ನಮ್ಮ ಹಿರಿಯರಿಗೆ ಕಲಿಸಿದ್ದೇ ಅದು: ಕೃಪೆ ಪುಕ್ಕಟೆ, ಅದಕ್ಕೆ ಬೆಲೆ ಕಟ್ಟಲಾಗದು. ಸರಿ. ಆದರೆ ಬೆಳೆಹಬ್ಬದ ಭಾನುವಾರ ಆರಾಧನೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಏಲಂ ನಡೆಯುತ್ತದಲ್ಲ, ಅಲ್ಲಿ ಬನ್ನಿ. ಯಾರದೋ ಹಿತ್ತಿಲಿನ ಸೌತೆಕಾಯಿ ಒಂದು ಮೇಜಿನ ಮೇಲೆ ಇರುತ್ತದೆ. ಪೇಟೆಯ ದರಕ್ಕೂ ಅದರ ದರಕ್ಕೂ ಸಂಬಂಧವಿಲ್ಲ. ಎರಡು ಮನೆಯವರಿಗೆ ಹಟ ಬಿದ್ದರೆ ಸೌತೆಕಾಯಿ ಚಿನ್ನವಾಗುತ್ತದೆ. ಕೂಗಿ ಹಿಡಿದವರು ಅದನ್ನು ಎತ್ತಿಕೊಂಡು ಹೋಗುವಾಗ ಒಮ್ಮೆ ಮೇಲೆ ನೋಡುತ್ತಾರೆ. ಬರೆದುಕೊಂಡೆಯಾ ಎಂದು ಕೇಳಿದ ಹಾಗಿರುತ್ತದೆ ಆ ನೋಟ.

ನನಗೆ ಈ ವಿಷಯದಲ್ಲಿ ತೊಂದರೆ ಕೊಟ್ಟವನು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಅಪ್ಪ. ಎಲ್ಲರಿಗೂ ಗೊತ್ತಿರುವ ಕತೆ. ಕಿರಿಮಗ ತನ್ನ ಪಾಲು ಕೇಳಿ ಪಡೆದುಕೊಂಡು ದೂರದೇಶಕ್ಕೆ ಹೋಗುತ್ತಾನೆ, ಎಲ್ಲ ಹಾಳುಮಾಡುತ್ತಾನೆ, ಬರಗಾಲ ಬಂದು ಹಂದಿ ಕಾಯುತ್ತಾನೆ, ಮನೆಗೆ ಮರಳುತ್ತಾನೆ. ಅಪ್ಪ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಉಪದೇಶಿಗಳು ಇಲ್ಲಿಗೆ ಕಣ್ಣೊರೆಸಿಕೊಂಡು ನಿಲ್ಲಿಸುತ್ತಾರೆ. ನಾನು ಲೆಕ್ಕದವನು, ನಿಲ್ಲಿಸಲು ಆಗುವುದಿಲ್ಲ.

ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹಿರಿಮಗನಿಗೆ ಎರಡು ಪಾಲು. ಧರ್ಮೋಪದೇಶಕಾಂಡದಲ್ಲಿ ಅದು ಸ್ಪಷ್ಟವಾಗಿದೆ. ಇಬ್ಬರೇ ಮಕ್ಕಳಿದ್ದರೆ ಆಸ್ತಿ ಮೂರು ಭಾಗವಾಗಿ ಕಿರಿಯನಿಗೆ ಒಂದು, ಹಿರಿಯನಿಗೆ ಎರಡು. ಕಿರಿಯ ತನ್ನ ಮೂರನೆಯ ಒಂದನ್ನು ತೆಗೆದುಕೊಂಡು ಹೋದ, ಅದು ಮುಗಿಯಿತು. ಅಂದಮೇಲೆ ಮನೆಯಲ್ಲಿ ಉಳಿದದ್ದೆಲ್ಲ ಮುಂದೆ ಸೇರಬೇಕಾದದ್ದು ಹಿರಿಯನಿಗೆ. ಅಪ್ಪನೇ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಕೊಬ್ಬಿಸಿದ ಆ ಕರು ಯಾರದು? ಬೆರಳಿಗೆ ಹಾಕಿದ ಉಂಗುರ, ಕಾಲಿಗೆ ತೊಡಿಸಿದ ಜೋಡು, ಹೊದಿಸಿದ ಶ್ರೇಷ್ಠವಾದ ನಿಲುವಂಗಿ ಯಾರ ಖಾತೆಗೆ? ಹೊಲದಿಂದ ಬೆವರಿ ಬಂದ ಹಿರಿಯನಿಗೆ ಮನೆಯಲ್ಲಿ ವಾದ್ಯ ಕೇಳುತ್ತದೆ. ತನ್ನ ಕರುವಿನ ಔತಣಕ್ಕೆ ತನಗೆ ಆಹ್ವಾನ ಕೂಡ ಬಂದಿಲ್ಲ. ಆಳೊಬ್ಬನನ್ನು ಕೇಳಿ ಸುದ್ದಿ ತಿಳಿಯಬೇಕಾಗುತ್ತದೆ. ಅವನಿಗೆ ಸಿಟ್ಟು ಬಂದದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ. ಆಡಿಟರು ಯಾರೇ ಇರಲಿ ಅವನ ಪರವಾಗಿಯೇ ಷರಾ ಬರೆಯುತ್ತಾರೆ.

ಇನ್ನೊಂದು ಸಂಗತಿ ಬಹಳ ಸಲ ಓದಿದ ಮೇಲೆ ಕಣ್ಣಿಗೆ ಬಿತ್ತು. ಕಿರಿಯ ಮನೆಗೆ ಹೊರಡುವ ಮೊದಲು ಹಂದಿಗಳ ನಡುವೆ ಕೂತು ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಾನೆ. ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನಿನ್ನ ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ ಎಂದು ಮೂರು ಭಾಗ. ಅಪ್ಪನ ಎದುರು ನಿಂತಾಗ ಮೊದಲೆರಡನ್ನು ಒಪ್ಪಿಸುತ್ತಾನೆ. ಮೂರನೆಯದು ಬಾಯಿಗೆ ಬರುವಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ಬಟ್ಟೆ ತನ್ನಿ, ಜೋಡು ತನ್ನಿ ಎಂದು ಗಡಿಬಿಡಿ ಎಬ್ಬಿಸಿಬಿಟ್ಟಿರುತ್ತಾನೆ. ಕೂಲಿಯ ಪ್ರಸ್ತಾಪ ಹೊರಗೆ ಬರಲೇ ಇಲ್ಲ. ಅತ್ತ ಹಿರಿಯನ ಬಾಯಲ್ಲಿಯೂ ಕೂಲಿಯದೇ ಮಾತು: ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ಒಂದು ಆಡಿನ ಮರಿಯೂ ದಕ್ಕಲಿಲ್ಲ. ಒಬ್ಬ ಓಡಿಹೋದವನು, ಒಬ್ಬ ಮನೆಯಲ್ಲೇ ಇದ್ದವನು. ಇಬ್ಬರೂ ಅಪ್ಪನಲ್ಲಿ ಕಂಡದ್ದು ಸಂಬಳ ಕೊಡುವ ಧಣಿಯನ್ನು. ಯೇಸು ಈ ಕತೆ ಹೇಳಿದ್ದು, ಸುಂಕದವರ ಜೊತೆ ಕೂತು ಉಣ್ಣುತ್ತಾನೆ ಎಂದು ಗೊಣಗುತ್ತಿದ್ದ ಫರಿಸಾಯರಿಗೆ. ಲೆಕ್ಕ ಶುದ್ಧವಾಗಿಟ್ಟುಕೊಂಡ ಮಂದಿ ಅವರು. ನಮ್ಮವರೇ.

ಆ ದಿನ ಅಪ್ಪ ಮನೆಯಿಂದ ಹೊರಗೆ ಬಂದದ್ದು ಎರಡು ಸಲ. ಒಮ್ಮೆ ದೂರದಲ್ಲಿ ಕಂಡ ಕಿರಿಯನ ಕಡೆ ಓಡಿಕೊಂಡು. ಇನ್ನೊಮ್ಮೆ ಅಂಗಳದಲ್ಲಿ ಮುನಿಸಿಕೊಂಡು ನಿಂತ ಹಿರಿಯನನ್ನು ಒಳಗೆ ಕರೆಯಲು, ಅತಿಥಿಗಳನ್ನು ಒಳಗೆ ಬಿಟ್ಟು. ಎರಡನೆಯದೇ ಕಷ್ಟದ್ದು ಅಂತ ನನ್ನ ಅಭಿಪ್ರಾಯ. ಹಸಿದು ಹರಿದುಬಂದ ಮಗನನ್ನು ಕಂಡರೆ ಯಾರ ಕರುಳೂ ಕರಗುತ್ತದೆ. ತನ್ನದೇ ಸರಿ ಎಂದು ಲೆಕ್ಕದ ಪುಸ್ತಕ ಎದೆಗವಚಿಕೊಂಡು ನಿಂತವನ ಹತ್ತಿರ ಹೋಗಿ ಅಂಗಲಾಚುವುದಕ್ಕೆ ಬೇರೆಯೇ ಪ್ರೀತಿ ಬೇಕು.

ಡಚ್ ಚಿತ್ರಕಾರ ರೆಂಬ್ರಾಂಟ್ ಈ ಕತೆಯನ್ನು ದೊಡ್ಡ ಕ್ಯಾನ್ವಾಸಿನಲ್ಲಿ ಬರೆದಿದ್ದಾನೆ. ಮೂಲಚಿತ್ರ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ನಾನು ನೋಡಿರುವುದು ಒಂದು ಕ್ಯಾಲೆಂಡರಿನಲ್ಲಿ, ಅದೂ ವರ್ಷ ಮುಗಿದ ಮೇಲೆ ಗೋಡೆಯಿಂದ ಇಳಿಸಲು ಮನಸ್ಸಾಗದೆ ಉಳಿಸಿಕೊಂಡದ್ದರಲ್ಲಿ. ಬೋಳುತಲೆಯ ಮಗ ಮೊಣಕಾಲೂರಿದ್ದಾನೆ, ಒಂದು ಕಾಲಿನ ಜೋಡು ಕಳಚಿ ಸವೆದ ಅಂಗಾಲು ನಮ್ಮ ಕಡೆ ತಿರುಗಿದೆ. ಮುದುಕ ಅಪ್ಪನ ಎರಡೂ ಕೈ ಮಗನ ಬೆನ್ನ ಮೇಲಿವೆ. ಬಲಗಡೆ ಕೆಂಪು ಹೊದಿಕೆಯಲ್ಲಿ ನೆಟ್ಟಗೆ ನಿಂತಿರುವವನನ್ನು ಹಿರಿಮಗ ಎಂದೇ ಹೆಚ್ಚಿನವರು ಗುರುತಿಸುತ್ತಾರೆ. ಅವನ ಕೈಗಳು ಒಂದರ ಮೇಲೊಂದು ಕೂತಿವೆ, ಯಾರನ್ನೂ ಮುಟ್ಟುವುದಿಲ್ಲ. ರೆಂಬ್ರಾಂಟ್ ಹರೆಯದಲ್ಲಿ ತನ್ನನ್ನೇ ದುಂದುಗಾರ ಮಗನ ವೇಷದಲ್ಲಿ, ಹೆಂಡತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗ್ಲಾಸು ಎತ್ತುತ್ತಿರುವಂತೆ ಬರೆದುಕೊಂಡಿದ್ದ. 1656ರಲ್ಲಿ ದಿವಾಳಿಯಾದ. ಮನೆಯ ಸಾಮಾನೆಲ್ಲ ಹರಾಜಾಯಿತು. 1668ರಲ್ಲಿ ಬೆಳೆದ ಮಗ ಟೈಟಸ್ ತೀರಿಕೊಂಡ, ಮರುವರ್ಷ ತಾನೂ ಹೋದ. ಅಪ್ಪನ ಆ ಎರಡು ಕೈಗಳು ಅವನ ಕುಂಚದಿಂದ ಬಂದದ್ದು ಆ ಕೊನೆಯ ವರ್ಷಗಳಲ್ಲಿ. ಸಾಲ ಕೊಟ್ಟವರು ಬರೆದುಕೊಂಡ ಪಟ್ಟಿಯಲ್ಲಿ ಅವಕ್ಕೆ ಬೆಲೆ ಹಾಕುವವರು ಯಾರೂ ಇರಲಿಲ್ಲ.

ದೇವರನ್ನು ಅಪ್ಪ ಎಂದು ಇಷ್ಟು ಸಲಿಗೆಯಿಂದ ಕರೆಯುವುದನ್ನು ಯೇಸು ಎಲ್ಲಿ ಕಲಿತ? ಹಳೆಯ ಒಡಂಬಡಿಕೆಯಲ್ಲಿ ದೇವರಿಗೆ ಆ ಹೆಸರು ಅಲ್ಲೊಂದು ಇಲ್ಲೊಂದು ಕಡೆ ಇದೆ. ಎಫ್ರಾಯೀಮನೆಂಬ ಮಗುವಿಗೆ ತೋಳು ಹಿಡಿದು ನಡೆಯಲು ಕಲಿಸಿದೆ ಎಂದು ದೇವರು ನೆನಪಿಸಿಕೊಳ್ಳುವ ಹೋಶೇಯನ ಭಾಗವಂತೂ ಯಾವ ತಂದೆಯೂ ಓದಿ ಸುಮ್ಮನಿರಲಾಗದಂಥದು. ಆದರೆ ಯೇಸುವಿನ ಬಾಯಲ್ಲಿ ಅದು ದಿನದ ಮಾತಾಯಿತು. ಪಂಡಿತರು ಬೇರೆ ಬೇರೆ ಕಾರಣ ಕೊಡುತ್ತಾರೆ. ನನ್ನ ಗುಮಾನಿ ಬಡಗಿ ಯೋಸೇಫನ ಮೇಲೆ.

ನಾಲ್ಕೂ ಸುವಾರ್ತೆಗಳನ್ನು ಹುಡುಕಿ ನೋಡಿ, ಯೋಸೇಫ ಆಡಿದ ಒಂದೇ ಒಂದು ಮಾತು ಸಿಗುವುದಿಲ್ಲ. ಕನಸು ಬೀಳುತ್ತದೆ, ಎದ್ದು ಹೇಳಿದ ಹಾಗೆ ಮಾಡುತ್ತಾನೆ. ರಾತ್ರೋರಾತ್ರಿ ಹೆಂಡತಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾನೆ. ಮಾತಿಲ್ಲ. ಹುಡುಗನಿಗೆ ಹನ್ನೆರಡು ವರ್ಷವಾದಾಗ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ ಬರುವ ದಾರಿಯಲ್ಲಿ ಅವನು ಕಾಣೆಯಾಗುತ್ತಾನೆ. ಒಂದು ದಿನದ ಪ್ರಯಾಣ ಮುಗಿದ ಮೇಲೆ ಗೊತ್ತಾಗುತ್ತದೆ. ನೆಂಟರಲ್ಲಿ, ಪರಿಚಯದವರಲ್ಲಿ ಹುಡುಕಿ, ಮತ್ತೆ ಊರಿಗೆ ನಡೆದು, ಮೂರು ದಿನದ ಮೇಲೆ ನೋಡಿದರೆ ಹುಡುಗ ದೇವಾಲಯದಲ್ಲಿ ಬೋಧಕರ ನಡುವೆ ಆರಾಮಾಗಿ ಕೂತು ಪ್ರಶ್ನೆ ಕೇಳುತ್ತಿದ್ದಾನೆ. ಮರಿಯಳು ತಾಯಿ, ಅವಳಿಗೆ ತಡೆಯಲಾಗುವುದಿಲ್ಲ: ನಿನ್ನ ಅಪ್ಪನೂ ನಾನೂ ಎಷ್ಟು ಕಳವಳಪಟ್ಟು ಹುಡುಕಿದೆವು ಗೊತ್ತೇ ಎನ್ನುತ್ತಾಳೆ. ಹುಡುಗ, ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಾದವನು ಎಂದು ನಿಮಗೆ ತಿಳಿಯಲಿಲ್ಲವೇ ಎಂದು ಉತ್ತರ ಕೊಡುತ್ತಾನೆ.

ಯೋಸೇಫ ಪಕ್ಕದಲ್ಲೇ ನಿಂತಿದ್ದಾನೆ. ಮೂರು ದಿನದ ಧೂಳು ಕಾಲ ಮೇಲಿದೆ. ನಮ್ಮೂರಿನ ಅಪ್ಪನಾಗಿದ್ದರೆ, ಹಾಗಾದರೆ ಊಟಕ್ಕೂ ಅಲ್ಲಿಗೇ ಹೋಗು ಎಂದು ಅಲ್ಲಿಯೇ ಹೇಳಿಬಿಡುತ್ತಿದ್ದ. ಯೋಸೇಫ ಏನೂ ಹೇಳಲಿಲ್ಲ. ಹುಡುಗ ಅವರ ಜೊತೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದ ಎಂದಷ್ಟೇ ಲೂಕ ಬರೆಯುತ್ತಾನೆ. ಮಗ ಮಾಡಿದ ಈ ಗಾಯವನ್ನು ಯಾವ ಖಾತೆಗೂ ಬರೆಯದೆ, ಮರುದಿನ ಬೆಳಿಗ್ಗೆ ಉಳಿ ಕೊಡತಿ ಎತ್ತಿಕೊಂಡ ಒಬ್ಬ ಮನುಷ್ಯನನ್ನು ದಿನವೂ ನೋಡುತ್ತಾ ಬೆಳೆದವನಿಗೆ, ಓಡಿಬರುವ ಅಪ್ಪನ ಕತೆ ಹೊಳೆದದ್ದರಲ್ಲಿ ವಿಶೇಷವೇನು? ಇದು ನನ್ನ ಊಹೆ, ದೇವಶಾಸ್ತ್ರವಲ್ಲ. ಪೋಪ್ ಫ್ರಾನ್ಸಿಸ್ ಅವರಿಗೂ ಈ ಮೌನಿಯ ಮೇಲೆ ವಿಶೇಷ ಅಕ್ಕರೆ ಇತ್ತು. ಮಲಗಿರುವ ಯೋಸೇಫನ ಪುಟ್ಟ ವಿಗ್ರಹವನ್ನು ಮೇಜಿನ ಮೇಲಿಟ್ಟುಕೊಂಡು, ಬಗೆಹರಿಯದ ತೊಂದರೆಗಳನ್ನು ಚೀಟಿಯಲ್ಲಿ ಬರೆದು ಅದರಡಿಗೆ ಸೇರಿಸುತ್ತೇನೆ ಎಂದು 2015ರಲ್ಲಿ ಮನಿಲಾದಲ್ಲಿ ಅವರೇ ಹೇಳಿದ್ದರು. ಅರ್ಜಿ ಸಲ್ಲಿಸುವ ಆ ಕ್ರಮ ನನಗೆ ನಮ್ಮ ಕಚೇರಿಯನ್ನು ನೆನಪಿಸಿತು, ಆದರೆ ನಮ್ಮಲ್ಲಿ ಕಡತದ ಮೇಲೆ ಮಲಗುತ್ತಿದ್ದವರು ಸಂತರಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಅಳುಕು ಇದ್ದೇ ಇದೆ. ಅಪ್ಪ ಎಂದರೆ ಬೆಲ್ಟು, ಸಾರಾಯಿ ವಾಸನೆ, ರಾತ್ರಿ ಹನ್ನೊಂದಕ್ಕೆ ಬಾಗಿಲು ಒದೆಯುವ ಕಾಲು ಎಂದು ತಿಳಿದ ಮಗುವಿಗೆ ದೇವರು ನಿನ್ನ ತಂದೆ ಎಂದರೆ ಅದು ಯಾವ ಸುವಾರ್ತೆ? ಆ ಮಗು ಕಿವಿ ಮುಚ್ಚಿಕೊಂಡರೆ ದೇವರು ಕೋಪಿಸಿಕೊಳ್ಳುತ್ತಾನೆ ಎಂದು ನನಗೆ ಅನಿಸುವುದಿಲ್ಲ. ಧರ್ಮದ ಚರಿತ್ರೆಯಲ್ಲಿಯೂ ಈ ಮುಳ್ಳು ಇದೆ. ನಮಗೆ ಪರಲೋಕದ ತಂದೆಯನ್ನು ಪರಿಚಯಿಸಲು ಸಮುದ್ರ ದಾಟಿ ಬಂದ ಬಾಸೆಲ್ ಮಿಷನರಿಗಳು ತಮ್ಮ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗಲೇ ಅವಳನ್ನು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟು ಬಂದರು. ಮತ್ತೆ ಅಪ್ಪನ ಮನೆ ಸೇರುವಾಗ ಅವಳು ಹರೆಯದ ಹುಡುಗಿ. ಮುಂದೆ ಅವಳು ಮಂಗಳೂರು ಕಡೆ ಕೆಲಸ ಮಾಡಿ ಮರಳಿದ್ದ ಇನ್ನೊಬ್ಬ ಮಿಷನರಿ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಅವನ 'ಸಿದ್ಧಾರ್ಥ' ಕಾದಂಬರಿಯಲ್ಲಿ ಮಗ ಅಪ್ಪನನ್ನು ಬಿಟ್ಟು ಹೋಗುತ್ತಾನೆ. ಮುಂದೆ ಅವನ ಮಗನೂ ಅವನನ್ನು ಬಿಟ್ಟು ಓಡುತ್ತಾನೆ. ಇಲ್ಲಿ ಯಾರೂ ಓಡಿಬಂದು ಅಪ್ಪಿಕೊಳ್ಳುವುದಿಲ್ಲ.

ಈ ಮುಳ್ಳು ನಮ್ಮ ಪ್ರಾಟೆಸ್ಟೆಂಟರ ಮೂಲಪುರುಷ ಮಾರ್ಟಿನ್ ಲೂಥರನಿಗೂ ತಾಗಿತ್ತು. ಅವನ ಅಪ್ಪ ಹಾನ್ಸ್ ತಾಮ್ರದ ಗಣಿಯ ವ್ಯವಹಾರದಲ್ಲಿ ಮೇಲೆ ಬಂದ ಗಟ್ಟಿಗ. ಮಗ ವಕೀಲನಾಗಬೇಕು ಎಂದು ಓದಿಸಿದ. 1505ರಲ್ಲಿ ಸಿಡಿಲಿಗೆ ಹೆದರಿದ ಮಗ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತು ಮಠ ಸೇರಿಬಿಟ್ಟ. ಎರಡು ವರ್ಷದ ಮೇಲೆ ಮಗನ ಮೊದಲ ಪೂಜೆಗೆ ಹಾನ್ಸ್ ಬಂದದ್ದೇನೋ ನಿಜ, ಆದರೆ ಊಟದ ಮೇಜಿನಲ್ಲಿ ಎಲ್ಲರ ಮುಂದೆ, ತಂದೆತಾಯಿಗಳನ್ನು ಸನ್ಮಾನಿಸು ಎಂಬ ಆಜ್ಞೆ ಓದಿಲ್ಲವೇ ಎಂದು ಕೇಳಿ ಕೂರಿಸಿದ. ಬಾಲ್ಯದಲ್ಲಿ ಅಪ್ಪ ಹೊಡೆದ ಪೆಟ್ಟನ್ನು ಲೂಥರ್ ಮುದುಕನಾದರೂ ನೆನೆಯುತ್ತಿದ್ದ. ದೇವರನ್ನು ನ್ಯಾಯಾಧೀಶನೆಂದು ಕಂಡು ನಡುಗುತ್ತಿದ್ದ ಈ ಮನುಷ್ಯನೇ ಮುಂದೆ ಮಕ್ಕಳಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ಮುದ್ದಿನ ಮಕ್ಕಳು ಮುದ್ದಿನ ಅಪ್ಪನನ್ನು ಕೇಳುವ ಹಾಗೆ ಧೈರ್ಯವಾಗಿ ದೇವರನ್ನು ಕೇಳಿ ಎಂದು ಕಲಿಸಿದ. ಅಷ್ಟು ಹೊತ್ತಿಗೆ ಅವನೂ ಅಪ್ಪನಾಗಿದ್ದ.

1542ರ ಸೆಪ್ಟೆಂಬರಿನಲ್ಲಿ ಅವನ ಹದಿಮೂರು ವರ್ಷದ ಮಗಳು ಮಗ್ದಲೇನ ಹಾಸಿಗೆ ಹಿಡಿದಳು. ಲೂಥರ್ ಅವಳ ಹತ್ತಿರ ಕೂತು, ಇಲ್ಲಿರುವ ಈ ಅಪ್ಪನ ಬಳಿ ಇರುವೆಯಾ, ಅಲ್ಲಿರುವ ಅಪ್ಪನ ಹತ್ತಿರ ಹೋಗುವೆಯಾ ಎಂದು ಕೇಳಿದ. ದೇವರ ಇಷ್ಟದಂತೆ ಆಗಲಿ ಎಂದಿತು ಆ ಕೂಸು. ಅವನ ತೋಳಿನಲ್ಲೇ ಜೀವ ಹೋಯಿತು. ಮಗಳು ಒಳ್ಳೆಯ ಕಡೆ ಹೋಗಿದ್ದಾಳೆ ಎಂದು ನಂಬಿದ್ದ, ಯುರೋಪನ್ನೇ ಅಲ್ಲಾಡಿಸಿದ ಆ ಮನುಷ್ಯ, ಕೃತಜ್ಞತೆ ಹೇಳಬೇಕು ಎಂದು ಗೊತ್ತಿದ್ದರೂ ನನಗೂ ಹೆಂಡತಿಗೂ ಅಳದೆ ಅದು ಆಗುತ್ತಿಲ್ಲ ಎಂದು ಗೆಳೆಯನಿಗೆ ಕಾಗದ ಬರೆದ. ಪ್ರೀತಿಯ ತಂದೆ ಎಂದರೆ ಕೇಳಿದ್ದನ್ನೆಲ್ಲ ಕೊಡುವವನು ಎಂದು ಸಾರುವ ಉಪದೇಶಿಗಳನ್ನು ಟೀವಿಯಲ್ಲಿ ನೋಡಿದಾಗ ನನಗೆ ಈ ಕಾಗದ ನೆನಪಾಗುತ್ತದೆ. ಗೆತ್ಸೇಮನೆ ತೋಟದಲ್ಲಿ ಸ್ವಂತ ಮಗನೇ ಅಪ್ಪಾ ಎಂದು ಕರೆದು, ಈ ಪಾತ್ರೆಯನ್ನು ನನ್ನಿಂದ ತೆಗೆ ಎಂದು ಬೇಡಿದ. ಪಾತ್ರೆ ಅಲ್ಲೇ ಇತ್ತು. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಬೇಡಿದವನು ಅಷ್ಟಾದರೂ ಅಪ್ಪಾ ಎನ್ನುವುದನ್ನು ಬಿಡಲಿಲ್ಲ, ಶಿಲುಬೆಯ ಮೇಲೆ ಕೊನೆಯುಸಿರನ್ನೂ ಅವನ ಕೈಗೇ ಒಪ್ಪಿಸಿದ ಎನ್ನುವುದನ್ನು ಮಾತ್ರ ಗಮನಿಸಿದ್ದೇನೆ.

ನಮ್ಮ ಬಡಾವಣೆಯಲ್ಲಿ ವಾರಕ್ಕೊಮ್ಮೆ ಒಂದೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಸೇರುತ್ತದೆ. ಇತ್ತೀಚೆಗೆ ಅಲ್ಲಿ ಈ ಹದಿನೈದನೆಯ ಅಧ್ಯಾಯವೇ ಬಂತು. ನನ್ನ ಕರುವಿನ ಲೆಕ್ಕವನ್ನು ಮುಂದಿಟ್ಟೆ. ಪಾಲುಪಟ್ಟಿಯ ದಾವೆಗಳಲ್ಲೇ ತಲೆ ನೆರೆತ ವಕೀಲರೊಬ್ಬರು, ಅಪ್ಪ ಬದುಕಿರುವವರೆಗೆ ಅನುಭೋಗದ ಹಕ್ಕು ಅವನದೇ, ಕರು ಕೊಯ್ಯಬಹುದು, ಆದರೆ ಹಿರಿಮಗ ತಕರಾರು ಅರ್ಜಿ ಹಾಕಲು ಅಡ್ಡಿಯಿಲ್ಲ ಎಂದರು. ಸಭಾಪಾಲಕರಾದ ಅಯ್ಯನವರು ಇದು ಆತ್ಮಿಕ ಸಂಗತಿ ಎಂದು ಎಳೆಯಲು ನೋಡಿದರು. ಅಷ್ಟರಲ್ಲಿ ನಿವೃತ್ತ ನರ್ಸೊಬ್ಬರು ಕೇಳಿದರು: "ಕರು ಕೊಯ್ದದ್ದಾಯಿತು. ಅಷ್ಟು ಜನಕ್ಕೆ ಅಡಿಗೆ ಮಾಡಿದ್ದು ಯಾರು? ಈ ಮನೆಯಲ್ಲಿ ಅಮ್ಮ ಎಲ್ಲಿದ್ದಾಳೆ?"

ಯಾರ ಬಳಿಯೂ ಉತ್ತರವಿರಲಿಲ್ಲ. ಅಯ್ಯನವರು ಸುಧಾರಿಸಿಕೊಂಡು, ತಾಯಿ ಸಂತೈಸುವ ಹಾಗೆ ಸಂತೈಸುವೆನು ಎಂದು ಯೆಶಾಯನಲ್ಲಿ ದೇವರೇ ಮಾತು ಕೊಟ್ಟಿದ್ದಾನೆ ಎಂದರು. ಮೂವತ್ತಮೂರು ದಿನ ಮಾತ್ರ ಪೋಪ್ ಆಗಿದ್ದ ಒಂದನೆಯ ಜಾನ್ ಪಾಲ್ 1978ರಲ್ಲಿ, ದೇವರು ನಮಗೆ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಎಂದಿದ್ದರಂತಲ್ಲ ಎಂದು ನಾನೂ ಓದಿದ್ದನ್ನು ಸೇರಿಸಿದೆ. "ಹಾಗಾದರೆ ಈ ಅಪ್ಪನೇ ಅಡಿಗೆಮನೆಯಲ್ಲೂ ಇದ್ದ ಅಂತಾಯಿತು," ಎಂದರು ನರ್ಸು, "ಅದಕ್ಕೇ ಹಿರಿಯನಿಗೆ ಹೇಳಿಕಳಿಸಲು ಮರೆತದ್ದು."

ಕೊನೆಗೆ ಮಾತು ಹಿರಿಮಗನ ಮೇಲೆಯೇ ಬಂದು ನಿಂತಿತು. ಅವನು ಒಳಗೆ ಹೋದನೋ ಇಲ್ಲವೋ ಎಂದು ಯೇಸು ಹೇಳಿಲ್ಲವಲ್ಲ. ಹೋದ ಎಂದು ಕೆಲವರು, ಸಾಧ್ಯವೇ ಇಲ್ಲ ಎಂದು ಕೆಲವರು. ಹೋಗಿರುತ್ತಾನೆ, ಊಟವನ್ನೂ ಮಾಡಿರುತ್ತಾನೆ, ಆದರೆ ಮರುದಿನ ಬೆಳಿಗ್ಗೆ ಕರುವಿನ ಬಿಲ್ಲನ್ನು ಅಪ್ಪನ ಕೈಗೆ ಕೊಟ್ಟಿರುತ್ತಾನೆ ಎಂದೆ ನಾನು. ಕೊಟ್ಟರೆ ಅಪ್ಪ ಏನು ಮಾಡುತ್ತಾನೆ ಎಂದು ಒಬ್ಬ ಹುಡುಗ ಕೇಳಿದ.

"ಏನು ಮಾಡುತ್ತಾನೆ? ಓದದೆ ಮಡಚಿ ಕಿಸೆಗೆ ಹಾಕಿಕೊಂಡು, ತಿಂಡಿ ಆಯಿತಾ ಮಗ ಅಂತ ಕೇಳುತ್ತಾನೆ," ಎಂದರು ನರ್ಸು.

ವಕೀಲರಿಗೆ ಇದು ಒಪ್ಪಿಗೆಯಾಗಲಿಲ್ಲ. ಬಿಲ್ಲು ತಲುಪಿದ್ದಕ್ಕೆ ಅಪ್ಪನ ಸಹಿ ಬೇಕು ಎಂದರು.